ಇಷ್ಟೊಂದ ಕಲ್ಲು ಯಾಕ ಚೆಲ್ಯಾರ್ರೀ?

11 ಆಗಸ್ಟ್ 2025, ಸೋಮವಾರ, ಕೋಥ್ರೂಡ್, ಪುಣೆ

ಮಳೆ ಬಿಡಲಿಲ್ಲ. ಮೆಟ್ಟಿಲ ಬುಡದ ಶಹಾಬಾದಿ ಫರಸಿ ಅರ್ಧಕ್ಕೇ ನಿಂತಿದೆ.

ಗೌಂಡಿ ಕಾಕಾ ಚಿತ್ತಾಪುರದ ಕಡೆಯವರು, ಫರಸಿ ಖಣಿಯಲ್ಲೇ ಕೈ ಪಳಗಿದ್ದು. ಚಹಾ ಹೀರುತ್ತ ಫೋನಿನಲ್ಲಿ ವೇಲ್ಸ್‌ನ ಡಿನಾರ್ವಿಕ್ ಸ್ಲೇಟು ಖಣಿಯ ಫೋಟೊ ನೋಡಿದರು. ನೋಡಿದವರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟಕ್ಕೆ ಬೆರಗಾಗುತ್ತಾರೆ. ಕಾಕಾನ ಕಣ್ಣು ಹೋದದ್ದು ಕೆಳಗಿನ ರಾಶಿಗೆ. “ಇಷ್ಟೊಂದ ಕಲ್ಲು ಯಾಕ ಚೆಲ್ಯಾರ್ರೀ?”

ಕೇಳಬೇಕಾದ್ದೇ ಅದು. ಫರಸಿ ಸುಣ್ಣದ ಕಲ್ಲು, ಕೆಸರು ಕೂತ ಪದರಿಗೇ ಬಿಡುತ್ತದೆ. ಸಂದಿಗೆ ಹಾರೆ ಕೊಟ್ಟರೆ ಹಾಸು ಏಳುತ್ತದೆ. ಪಾಟಿಯ ಕಲ್ಲು ಹಾಗಲ್ಲ. ಕೆಸರು ಕಲ್ಲಾದ ಮೇಲೆ ಬೆಟ್ಟ ಏಳುವ ಒತ್ತಡಕ್ಕೆ ಸಿಕ್ಕಿ, ಒಳಗಿನ ಅಭ್ರಕದಂಥ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಬೇರೆಯೇ ಸೀಳು ಹುಟ್ಟುತ್ತದೆ. ಬೆಣಚುಕಲ್ಲಿನ ಎಳೆ ಅಡ್ಡ ಹಾದರೆ ಆ ಬಂಡೆ ದಂಡ. ಮಾಡಿಗೆ ಹೊದಿಸುವ ಒಂದು ಟನ್ ಸ್ಲೇಟು ಹೆಂಚಿಗೆ ಸುಮಾರು ಹತ್ತು ಟನ್ ಕಲ್ಲು ರಾಶಿಗೆ ಹೋಗುತ್ತಿತ್ತು.

“ಮದ್ದು?”

ಕರಿಮದ್ದು. ಡೈನಮೈಟ್ ಚೂರು ಮಾಡುತ್ತದೆ; ಕರಿಮದ್ದು ನಿಧಾನಕ್ಕೆ ಉರಿದು ಬಂಡೆಯನ್ನು ನೂಕುತ್ತದೆ. ಕಾಕಾ ತಲೆಯಾಡಿಸಿದರು. ಕಿತ್ತ ಬಂಡೆ ಒಣಗಬಾರದು, ಒಣಗಿದರೆ ಸರಿಯಾಗಿ ಸೀಳುವುದಿಲ್ಲ. ತೆಳು ಬಾಯಿಯ ಅಗಲ ಉಳಿ, ಮರದ ಕೊಡತಿ. ತುಂಡನ್ನು ತೊಡೆಗೆ ಆನಿಸಿಕೊಂಡು ಅರ್ಧಕ್ಕೆ ಸೀಳು, ಆ ಅರ್ಧವನ್ನು ಮತ್ತೆ ಅರ್ಧಕ್ಕೆ. ಅವಸರಪಟ್ಟು ಅಂಚಿನಿಂದ ಒಂದೇ ತೆಳು ಹಾಳೆ ಎಬ್ಬಿಸಹೋದರೆ ಬಿರುಕು ತೆಳು ಬದಿಗೇ ಓಡಿ ಹಾಳೆ ನಡುವೆ ಮುರಿಯುತ್ತದೆ.

ಹೆಂಚಿನ ಅಳತೆಗಳಿಗೆ ಅಲ್ಲಿ ದೊಡ್ಡಮನೆ ಹೆಂಗಸರ ಬಿರುದೇ ಹೆಸರು: 24 ಇಂಚಿಗೆ 12 ಇದ್ದರೆ ಅದು ಡಚೆಸ್, 20ಕ್ಕೆ 10 ಕೌಂಟೆಸ್, 16ಕ್ಕೆ 8 ಲೇಡಿ ಅಂದೆ. “ನಮ್ಮದು ಎರಡ ಬಾಯ್ ಎರಡು. ರಾಣಿ ಗೀಣಿ ಇಲ್ರಿ” ಅಂತ ನಕ್ಕರು.

ಡಿನಾರ್ವಿಕ್ ಖಣಿ 1787ರಲ್ಲಿ ಶುರುವಾಗಿ, ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟು, 1969ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆಯ ಕಟ್ಟಡ ಈಗ ಮ್ಯೂಸಿಯಂ. 1870ರ ನೀರಿನ ಗಾಲಿ, ಐವತ್ತಡಿ ದಾಟಿದ್ದು, ಅಲ್ಲೇ ಇದೆ. ಬೆಟ್ಟದ ಹೊಟ್ಟೆಯೊಳಗೆ 1984ರಿಂದ ಜಲವಿದ್ಯುತ್ ಕೇಂದ್ರ. 2021ರಲ್ಲಿ ಆ ಸೀಮೆಯೆಲ್ಲ ವಿಶ್ವ ಪರಂಪರೆ, ಅಂದರೆ ಕಾಕಾ ಕೇಳಿದ ಆ ರಾಶಿಯೂ!

ಹೇಳಬಾರದೆಂದಿದ್ದ ಮಾತು ಧೂಳಿನದು. ಶೆಡ್ಡಿನೊಳಗೆ ಗರಗಸ ಬಂದ ಮೇಲೆ ಎದೆಯೆಲ್ಲ ಕಲ್ಲುಪುಡಿ. ಆ ಸೀಮೆಯ ಖಣಿ ಡಾಕ್ಟರುಗಳು ಮಾತ್ರ ರೋಗಕ್ಕೆ ಕಾರಣ ಕುದಿಸಿ ಕುದಿಸಿ ಕಪ್ಪಾದ ಚಹಾ ಅಂದಿದ್ದರು. ಪರಿಹಾರದ ಕಾನೂನು ಬಂದದ್ದು 1979ಕ್ಕೆ, ಡಿನಾರ್ವಿಕ್ ಮುಚ್ಚಿ ಹತ್ತು ವರ್ಷಕ್ಕೆ.

ಕಾಕಾ ಕೈಲಿದ್ದ ಲೋಟ ನೋಡಿದರು. ನಾನು ಅಂಗಳದಲ್ಲಿದ್ದ ಗ್ರೈಂಡರ್ ನೋಡಿದೆ. ನಾಳೆ ಕೊಯ್ಯುವಾಗ ಬ್ಲೇಡಿಗೆ ನೀರು ಬಿಡಲು ಒಬ್ಬ ಹುಡುಗ ಬೇಕು ಅಂದೆ.

“ಮಳಿ ಅದಲ್ರಿ.”

ಮಳೆ ನಿಂತರೆ, ಕಾಕಾ? ನಿಂತರೇ ಅಲ್ಲವೇ ಕೆಲಸ