ಒಂದು ಗುಂಡೂ ಹಾರಿಸದ ಕೋವಿಯನ್ನು ಇಟ್ಟುಕೊಂಡು ಏನು ಮಾಡ್ತೀರಿ?

ಯಾರೂ ಬಳಸದ ಹಳೆಯ ಕೋವಿಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ ಎಂದು ಗೊತ್ತಾದ ಮೇಲೆ ಜನ ಒಂದೆರಡು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ನಗುತ್ತಾ ಕೇಳುತ್ತಾರೆ, ಕೆಲವರು ನಿಜಕ್ಕೂ ಸಿಟ್ಟಾಗಿ. ಕೋವಿ ಬಳಸಿ ಅಭ್ಯಾಸ ಇರುವವರಿಗಂತೂ ಇದು ಹಸು ಕಟ್ಟಿಕೊಂಡು ಹಾಲು ಕರೆಯದೆ ಕೂತಂತೆ. ಐವತ್ತು, ಎಂಬತ್ತು, ನೂರು ವರ್ಷದ ಹಿಂದೆ ಮಾಡಿದ ಬಂದೂಕು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಇರಬೇಕು, ಯಾರೂ ಬಳಸಿರಬಾರದು, ನಾನೂ ಬಳಸಬಾರದು. ಇದರಲ್ಲಿ ಸುಖ ಎಲ್ಲಿದೆ ಸ್ವಾಮಿ?

ಮೊದಮೊದಲು "ಇದೊಂದು ಹೂಡಿಕೆ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ದುಡ್ಡಿನ ಮಾತು ಬಂದರೆ ಎಲ್ಲರಿಗೂ ಸಮಾಧಾನ, ಮುಂದಿನ ಪ್ರಶ್ನೆ ಬರುವುದಿಲ್ಲ. ಆದರೆ ಅದು ಸುಳ್ಳು. ಹೂಡಿಕೆ ಮಾಡುವವನು ಒಂದು ಸ್ಕ್ರೂವಿನ ತಲೆಯನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡುತ್ತಾ ಕೂರುವುದಿಲ್ಲ. ನಾನು ಕೂರುತ್ತೇನೆ. ಅದಕ್ಕೇ ಈ ಸಲ ಕುಳಿತು ಬರೆಯುತ್ತಿದ್ದೇನೆ.

ಮೊದಲಿಗೆ, "ಒಂದು ಗುಂಡೂ ಹಾರಿಸದ" ಅನ್ನುವ ಮಾತೇ ಪೂರ್ತಿ ನಿಜವಲ್ಲ. ಒಳ್ಳೆಯ ತಯಾರಕರ ಕೋವಿಗಳೆಲ್ಲ ಮಾರಾಟಕ್ಕೆ ಹೋಗುವ ಮುಂಚೆ ಪರೀಕ್ಷೆಗೆ ಗುಂಡು ಹಾರಿಸಿಕೊಂಡೇ ಬಂದಿರುತ್ತವೆ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿ ಎಂಬ ಕೋವಿ ತಯಾರಕರ ಸಂಘಕ್ಕೆ ರಾಜಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್, ಅಂದರೆ ಕೋವಿಗಳ ಪರೀಕ್ಷಾಲಯ, 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಹುಟ್ಟಿತು. ಮಾಮೂಲಿಗಿಂತ ಹೆಚ್ಚು ಬಿರುಸಿನ ತೋಟಾ ಹಾಕಿ ಹಾರಿಸುವುದು, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುವುದು, ಸೀಳಿದರೆ ಗುಜರಿಗೆ ಹಾಕುವುದು, ಇದು ಈ ಎರಡೂ ಕಡೆಯ ಕೆಲಸ. ಹಾಗಾಗಿ ನಮ್ಮ ಸಂಗ್ರಾಹಕರು "ಹಾರಿಸದ್ದು" ಅಂದರೆ "ಕಾರ್ಖಾನೆ ಬಿಟ್ಟ ಮೇಲೆ ಹಾರಿಸದ್ದು" ಎಂದರ್ಥ. ಕನ್ನೆ ಕೋವಿ ಅನ್ನುವುದು ಇಲ್ಲವೇ ಇಲ್ಲ. ಈ ಮಾತನ್ನು ಹೊಸಬರಿಗೆ ಹೇಳಿದಾಗ ಅವರ ಮುಖ ಬಾಡುವುದನ್ನು ನೋಡುವುದು ನನ್ನ ಸಣ್ಣ ದುಷ್ಟ ಸಂತೋಷಗಳಲ್ಲಿ ಒಂದು.

ಹಾಗಿದ್ದರೆ ನಾನು ಹುಡುಕುವುದು ಏನನ್ನು? ಬಳಸಿದ ಕೋವಿಯನ್ನು ಕೈಗೆತ್ತಿಕೊಂಡರೆ ಅದನ್ನು ಬಳಸಿದವನು ಕಾಣುತ್ತಾನೆ. ಬಳಸದ ಕೋವಿಯಲ್ಲಿ ಕಾಣುವುದು ಮಾಡಿದವನು. ಅವನ ಕೈಯೇ ಅದರ ಮೇಲೆ ಆಡಿದ ಕೊನೆಯ ಕೈ. ನನಗೆ ಬೇಕಾಗಿರುವುದು ಅವನು.

ಉದಾಹರಣೆಗೆ ಬಣ್ಣ. ಹಳೆಯ ಕೋವಿಯ ನೀಲಿಗಪ್ಪು ಬಣ್ಣ ಮೇಲೆ ಬಳಿದದ್ದಲ್ಲ. ಅದು ತುಕ್ಕು! ಉಕ್ಕಿಗೆ ಆಮ್ಲದ ದ್ರಾವಣ ಸವರಿ ಬೇಕೆಂದೇ ತುಕ್ಕು ಹಿಡಿಸುತ್ತಿದ್ದರು. ಆಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪಾಗಿ ತಿರುಗುತ್ತದೆ. ಮೇಲಿನ ಪುಡಿಯನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದು ಮತ್ತೆ ಸವರುವುದು, ಮತ್ತೆ ಕುದಿಸುವುದು. ಹೀಗೆ ದಿನಗಟ್ಟಲೆ, ಒಂದರ ಮೇಲೊಂದು ಪದರ. ತುಕ್ಕನ್ನೇ ತುಕ್ಕಿಗೆ ಕಾವಲಿಟ್ಟ ಹಾಗೆ. ಆ ಬಣ್ಣದ ಆಳವನ್ನು ಇವತ್ತಿನ ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ತೆಗೆದ ಕಪ್ಪಿನ ಪಕ್ಕ ಇಟ್ಟು ನೋಡಿದರೆ ಯಾರಿಗೂ ವಿವರಿಸಬೇಕಾಗಿಲ್ಲ.

ಸಣ್ಣ ಭಾಗಗಳ ಕಥೆ ಇನ್ನೂ ಚಂದ. ಹೊಳಪು ಕೊಟ್ಟ ಉಕ್ಕನ್ನು ನಿಧಾನವಾಗಿ ಕಾಯಿಸುತ್ತಾ ಹೋದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣ ಹುಲ್ಲಿನ ಬಣ್ಣ ಬರುತ್ತದೆ. ಇನ್ನೂ ಕಾಯಿಸಿದರೆ ಕಂದು, ನೇರಳೆ. 300ರ ಆಸುಪಾಸಿನಲ್ಲಿ ನವಿಲು ಕತ್ತಿನ ನೀಲಿ. ಕೆಲವೇ ಕ್ಷಣ ಎಚ್ಚರ ತಪ್ಪಿದರೆ ಬಣ್ಣ ದಾಟಿ ಹೋಗುತ್ತದೆ, ಮತ್ತೆ ಮೊದಲಿನಿಂದ ಹೊಳಪು ಕೊಡಬೇಕು. ಜರ್ಮನಿಯ ಲೂಗರ್ ಪಿಸ್ತೂಲಿನ ಟ್ರಿಗರ್, ಸೇಫ್ಟಿಯ ಸನ್ನೆ ಮುಂತಾದವಕ್ಕೆ ಈ ಹುಲ್ಲಿನ ಬಣ್ಣ ಇರುತ್ತಿತ್ತು. 1937ರ ಹೊತ್ತಿಗೆ ಲೂಗರ್ ಮಾಡುತ್ತಿದ್ದ ಮೌಸರ್ ಕಾರ್ಖಾನೆ ಆ ಬಣ್ಣವನ್ನು ಕೈಬಿಟ್ಟು ಎಲ್ಲವನ್ನೂ ಒಂದೇ ಉಪ್ಪಿನ ತೊಟ್ಟಿಗೆ ಅದ್ದಿತು. ಬೇಗ ಬೇಗ ಮಾಡಬೇಕಿತ್ತು, ಯಾಕೆಂದು ಎಲ್ಲರಿಗೂ ಗೊತ್ತು. ಬಳಸಿದ ಲೂಗರ್‌ನಲ್ಲಿ ಮೊದಲು ಮಾಸುವುದು ಟ್ರಿಗರ್ ಮೇಲಿನ ಈ ಬಣ್ಣವೇ, ಬೆರಳು ತಾಗುವ ಜಾಗ ನೋಡಿ. ಬಣ್ಣ ಪೂರ್ತಿ ಉಳಿದ ಟ್ರಿಗರ್ ಒಂದನ್ನು ನೋಡಿದಾಗ, ಅದನ್ನು ಕೆಂಡದ ಮೇಲೋ ಕಾದ ಮರಳಿನ ಮೇಲೋ ಹಿಡಿದು "ಸಾಕು" ಅಂತ ಎತ್ತಿದ ಮನುಷ್ಯನೊಬ್ಬನಿದ್ದ ಎಂಬುದು ನನಗೆ ಖಚಿತವಾಗಿ ಗೊತ್ತಾಗುತ್ತದೆ. ಬೇರೆ ಯಾವ ದಾಖಲೆಯಲ್ಲೂ ಅವನಿಲ್ಲ.

ಮೂಳೆ ಇದ್ದಿಲಿನ ಬಣ್ಣಗಳ ಬಗ್ಗೆ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ಮೂಳೆಯ ಮತ್ತು ಮರದ ಇದ್ದಿಲಿನ ನಡುವೆ ಭಾಗಗಳನ್ನು ಹೂತು, ಕೆಂಪಗೆ ಕಾಯಿಸಿ, ತಣ್ಣೀರಿಗೆ ಸುರಿಯುವುದು. ಮೇಲ್ಮೈ ಗಾಜಿನಂತೆ ಗಟ್ಟಿಯಾಗುತ್ತದೆ. ಜೊತೆಗೆ ಬೂದು, ನೀಲಿ, ಕಂದು, ಜೇನಿನ ಬಣ್ಣಗಳು ನೀರಿನ ಮೇಲೆ ಎಣ್ಣೆ ಹರಡಿದಂತೆ ಮೂಡುತ್ತವೆ. ಯಾವ ಬಣ್ಣ ಎಲ್ಲಿ ಬರುತ್ತದೆಂದು ಮಾಡುವವನಿಗೂ ಗೊತ್ತಿರುವುದಿಲ್ಲ, ಒಂದರಂತೆ ಇನ್ನೊಂದು ಇಲ್ಲ. ಈ ಬಣ್ಣದ ಪದರ ಎಷ್ಟು ತೆಳುವೆಂದರೆ ಬಿಸಿಲಿಗೇ ಮಾಸಿಹೋಗುತ್ತದೆ. ಕಿಟಕಿಯ ಎದುರು ಗೋಡೆಗೆ ತೂಗುಹಾಕಿದ ಕೋವಿ, ಯಾರೂ ಮುಟ್ಟದಿದ್ದರೂ, ಕೆಲವು ವರ್ಷಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಮರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮರ ಮತ್ತು ಲೋಹ ಸೇರುವ ಅಂಚಿನ ಮೇಲೆ ಉಗುರು ಆಡಿಸಿ. ಮರ ಕೂದಲೆಳೆಯಷ್ಟು ಮೇಲಿದ್ದರೆ ಒಳ್ಳೆಯದು, ತಯಾರಕರು ಹಾಗೇ ಬಿಡುತ್ತಿದ್ದರು. ಲೋಹ ಮೇಲಿದ್ದರೆ ಯಾರೋ ಮರಳು ಕಾಗದ ಹಾಕಿ ಉಜ್ಜಿದ್ದಾರೆ, ತಪಾಸಣೆಯ ಮುದ್ರೆಗಳೂ ಅದರ ಜೊತೆಗೇ ಹೋಗಿರುತ್ತವೆ.

"ಒಂದೇ ಒಂದು ಸಲ ಹಾರಿಸಿ ಒರೆಸಿಟ್ಟರೆ ಏನಾಗುತ್ತದೆ?" ಇದು ಮುಂದಿನ ಪ್ರಶ್ನೆ. ಆಗುವುದಿಷ್ಟೇ: ಹಿಂದಿರುಗಿಸಲು ಆಗುವುದಿಲ್ಲ. ರಿವಾಲ್ವರಿನಲ್ಲಿ ತೋಟಾ ತುಂಬುವ ಸಿಲಿಂಡರಿನ ಮುಖದ ಮೇಲೆ ಮಸಿಯ ಉಂಗುರ ಬೀಳುತ್ತದೆ. ಅದನ್ನು ಉಜ್ಜಿ ತೆಗೆದರೆ ಉಜ್ಜಿದ ಗುರುತು ಉಳಿಯುತ್ತದೆ. ಎರಡನೇ ಮಹಾಯುದ್ಧದ ಕಾಲದವರೆಗೂ ಬಹುತೇಕ ಸೈನಿಕ ತೋಟಾಗಳ ಕಿಡಿ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಒಂದು ಬಗೆಯ ಉಪ್ಪು, ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ಒಳಗಿಂದ ತಿನ್ನುತ್ತದೆ. ಎಣ್ಣೆ ಹಾಕಿ ಒರೆಸಿದರೆ ಸಾಲದು, ಉಪ್ಪು ಕರಗುವುದು ನೀರಿಗೆ. ಇದು ಗೊತ್ತಿಲ್ಲದೆ ಹಾಳಾದ ನಳಿಗೆಗಳು ಲೆಕ್ಕಕ್ಕೆ ಸಿಗದಷ್ಟು.

ಹಾಗಂತ ಹೊಳೆಯುವುದೆಲ್ಲ ಬಳಸದ್ದಲ್ಲ. ಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳು ಮೊಸಿನ್ ನಾಗಾಂತ್ ರೈಫಲ್‌ಗಳನ್ನು ರಾಶಿಗಟ್ಟಲೆ ಬಿಚ್ಚಿ, ಸರಿ ಮಾಡಿ, ಹೊಸದಾಗಿ ಕಪ್ಪು ಹಾಕಿ, ಮರಕ್ಕೆ ಅರಗಿನ ಮೆರುಗು ಕೊಟ್ಟು, ಗ್ರೀಸಿನಲ್ಲಿ ಮುಳುಗಿಸಿ ಇಟ್ಟವು. ಪೆಟ್ಟಿಗೆ ತೆಗೆದರೆ ಹೊಚ್ಚಹೊಸದು! ಆದರೆ ಒಂದರ ಬೋಲ್ಟು (ತೋಟಾ ಕೂರಿಸಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಇನ್ನೊಂದಕ್ಕೆ, ಅದರ ಮೇಲಿನ ಸಂಖ್ಯೆ ತಾಳೆಯಾಗಲೆಂದು ಆಮೇಲೆ ಕೆತ್ತಿದ್ದು. ಅದು ಮೋಸವಲ್ಲ, ಸೈನ್ಯಕ್ಕೆ ಬೇಕಾದದ್ದು ಗುಂಡು ಹಾರುವ ರೈಫಲ್, ನನ್ನಂಥವನ ಸಂತೋಷ ಅಲ್ಲ. ಮೋಸ ಇರುವುದು ಬೇರೆ ಕಡೆ. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಅಮೆರಿಕದ ಸೈನ್ಯಕ್ಕಾಗಿ 500 ಪಿಸ್ತೂಲುಗಳನ್ನು ಮಾಡಿಕೊಟ್ಟಿತ್ತು, 1941ರ ಸುಮಾರಿಗೆ. ಎಸ್800001ರಿಂದ ಎಸ್800500ರವರೆಗೆ ಸಂಖ್ಯೆ, ಅಷ್ಟೇ. ಬೇರೆ ಕಂಪನಿಯ ಅದೇ ಮಾದರಿಯ ಪಿಸ್ತೂಲಿಗೆ ಸಿಂಗರ್ ಮುದ್ರೆ ಕೆತ್ತಿ ಮಾರುವವರು ಇದ್ದೇ ಇದ್ದಾರೆ. ಅದಕ್ಕೇ ಕಾಗದ ಪತ್ರ ಬೇಕು. ಹಳೆಯ ವಿಂಚೆಸ್ಟರ್ ರೈಫಲ್‌ಗಳ ಕಾರ್ಖಾನೆ ದಾಖಲೆಗಳು ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಊರಿನ ವಸ್ತುಸಂಗ್ರಹಾಲಯದಲ್ಲಿವೆ, ಸಂಖ್ಯೆ ಕೊಟ್ಟರೆ ಹುಡುಕಿ ಪತ್ರ ಕೊಡುತ್ತಾರೆ. ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳ ಹಳೆಯ ರಟ್ಟಿನ ಡಬ್ಬಿಗಳ ತಳದಲ್ಲಿ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿರುತ್ತಿದ್ದರು, ಅದು ಒಳಗಿನದಕ್ಕೆ ತಾಳೆಯಾದ ದಿನ ನನಗೆ ಹಬ್ಬ. ಖಾಲಿ ಡಬ್ಬಿಗೂ ಕಳ್ಳ ನಕಲು ಇದೆ ಅನ್ನುವುದು ಈ ಲೋಕದ ಬಗ್ಗೆ ನಿಮಗೆ ಬೇಕಾದಷ್ಟನ್ನು ಹೇಳುತ್ತದೆ.

ದುಡ್ಡಿಗಾಗಿ ಬರುವವರಿಗೆ ಒಂದು ಕಥೆ. ವಿಂಚೆಸ್ಟರ್ ತನ್ನ ನೂರನೇ ವರ್ಷಕ್ಕೆ, 1966ರಲ್ಲಿ, ಚಿನ್ನದ ಮೆರುಗಿನ ಸ್ಮಾರಕ ರೈಫಲ್ ಬಿಟ್ಟಿತು. ಸುಮಾರು ಒಂದು ಲಕ್ಷ ತಯಾರಾದವು. ಕೊಂಡವರಲ್ಲಿ ಬಹಳ ಮಂದಿ "ಮೊಮ್ಮಕ್ಕಳ ಕಾಲಕ್ಕೆ ಬೆಲೆ ಬರುತ್ತದೆ" ಅಂತ ಡಬ್ಬಿ ಸಮೇತ ಎತ್ತಿಟ್ಟರು. ಮೊಮ್ಮಕ್ಕಳು ಬಂದರು, ಬೆಲೆ ಬರಲಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? ಅದರ ಪಕ್ಕದಲ್ಲೇ ಬಿಸಿಲು ಮಳೆಯಲ್ಲಿ ತಿರುಗಲಿಕ್ಕೆಂದು ಮಾಡಿದ ಸಾದಾ ರೈಫಲ್ ಒಂದು, ಯಾವುದೋ ಕಾರಣಕ್ಕೆ ಅಂಗಡಿಯ ಅಟ್ಟದ ಮೇಲೆ ಮರೆತುಹೋಗಿ ಉಳಿದುಬಿಟ್ಟಿದ್ದರೆ, ನಮ್ಮವರು ಅದಕ್ಕೆ ಮುಗಿಬೀಳುತ್ತಾರೆ. ಬೇಕೆಂದು ಉಳಿಸಿದ್ದಕ್ಕಿಂತ ಅಚಾತುರ್ಯದಿಂದ ಉಳಿದದ್ದು ಮೇಲು ಎಂದು ನಾನೂ ಒಪ್ಪುತ್ತೇನೆ, ಯಾಕೆಂದು ಕೇಳಬೇಡಿ.

ಇನ್ನೊಂದು ಪ್ರಶ್ನೆಯನ್ನು ಮೆತ್ತಗೆ ಕೇಳುತ್ತಾರೆ: ಯಾರನ್ನೂ ಕೊಲ್ಲದ ಕೋವಿ ಅಂತ ನಿಮಗೆ ಸಮಾಧಾನವೇ? ಹಾಗೇನಿಲ್ಲ. ಅದು ಸಾಧುವಾದದ್ದರಿಂದ ಉಳಿದದ್ದಲ್ಲ, ಉಗ್ರಾಣದಲ್ಲಿ ಅದರ ಸರದಿ ಬರಲಿಲ್ಲ ಅಷ್ಟೇ. ಅದರ ಅಕ್ಕಪಕ್ಕದ ಸಂಖ್ಯೆಯವು ಹೋಗಿವೆ.

ಜೋಪಾನ ಮಾಡುವುದು ಬೇಸರದ ಕೆಲಸ, ಬೇಗ ಮುಗಿಸುತ್ತೇನೆ. ತೋಟಾ ಇಲ್ಲವೆಂದು ಪ್ರತಿ ಸಲವೂ ನೋಡಿಕೊಳ್ಳಬೇಕು, ನೂರು ವರ್ಷ ಸುಮ್ಮನಿದ್ದದ್ದಾದರೂ ಸರಿ. ಬರಿಗೈ ಬೇಡ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಹದ ಮಾಡಿದ ಚರ್ಮದಲ್ಲಿ ಲೋಹ ತಿನ್ನುವ ಆಮ್ಲ ಇರುತ್ತದೆ, ಸ್ಪಂಜಿನ ಪೆಟ್ಟಿಗೆ ತೇವ ಹಿಡಿದಿಡುತ್ತದೆ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು, ತೀರಾ ಒಣಗಿದರೆ ಮರ ಸೀಳುತ್ತದೆ. ತೆಳ್ಳಗೆ ಮೇಣ. ಬೀಗ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು: ಅಮೆರಿಕದ 1968ರ ಕಾಯ್ದೆಗೆ 1898ರವರೆಗೆ ಮಾಡಿದ್ದು ಪುರಾತನ ವಸ್ತು, ಮರುವರ್ಷದ್ದು ಆಯುಧ. ಎಷ್ಟು ಹಳೆಯದಾದರೂ ನಿಮ್ಮಲ್ಲಿನ ನಿಯಮ ತಿಳಿಯದೆ ಕೈ ಹಾಕಬೇಡಿ.

ಕೋವಿ ಇರುವುದೇ ಹಾರಿಸಲಿಕ್ಕೆ ಅನ್ನುವವರ ಮಾತಿಗೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಸ್ವಿಟ್ಜರ್ಲೆಂಡಿನ ಕೆ31 ರೈಫಲ್ಲಿನ ಬುಡದ ತಗಡು ಬಿಚ್ಚಿದರೆ ಕೆಲವೊಮ್ಮೆ ಒಂದು ಚೀಟಿ ಸಿಗುತ್ತದೆ, ಅದನ್ನು ಹೊತ್ತ ಸೈನಿಕನ ಹೆಸರು, ಊರು. ಮರವೆಲ್ಲ ಜಜ್ಜಿಹೋಗಿರುತ್ತದೆ. ಅಂಥದ್ದೊಂದನ್ನು ಗೆಳೆಯನ ಮನೆಯಲ್ಲಿ ನೋಡಿ ಬಂದ ರಾತ್ರಿ ನನ್ನ ಕಪಾಟು ಸ್ವಲ್ಪ ತಣ್ಣಗೆ ಕಂಡದ್ದು ನಿಜ.

ಕೊನೆಗೆ ನನ್ನದೇ ಒಂದು ಕೋಲ್ಟ್ ರಿವಾಲ್ವರಿನ ಕಥೆ. ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ 1873ರ ಮಾದರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಿಂತುಹೋದದ್ದು, ಟಿವಿಯಲ್ಲಿ ಕೌಬಾಯ್ ಧಾರಾವಾಹಿಗಳ ಗೀಳು ಹತ್ತಿದ ಮೇಲೆ 1956ರಲ್ಲಿ ಮತ್ತೆ ಶುರುವಾಯಿತು. ನನ್ನದು ಆ ಎರಡನೇ ಸರದಿಯದು, ಡಬ್ಬಿ ಸಮೇತ. ಸಿಲಿಂಡರಿನ ಸುತ್ತ ಒಂದು ಗೆರೆಯೂ ಇರಲಿಲ್ಲ. ಸಿಲಿಂಡರನ್ನು ಹಿಡಿದು ನಿಲ್ಲಿಸಲು ಕೆಳಗಿನಿಂದ ಒಂದು ಸಣ್ಣ ಉಕ್ಕಿನ ಕೀಲು ಎದ್ದು ಗುಳಿಯಲ್ಲಿ ಕೂರುತ್ತದೆ. ಕುದುರೆಯನ್ನು (ಟ್ರಿಗರ್ ಅಲ್ಲ, ಹಿಂದಿನಿಂದ ತೋಟಾವನ್ನು ಬಡಿಯುವ ಸುತ್ತಿಗೆ) ಪೂರ್ತಿ ಎಳೆಯದೆ ಅರ್ಧದಿಂದಲೇ ಇಳಿಸಿದರೆ ಆ ಕೀಲು ಗುಳಿ ಬಿಟ್ಟು ಬಯಲಲ್ಲಿ ಕೂರುತ್ತದೆ, ಆಗ ಸಿಲಿಂಡರ್ ತಿರುಗಿದರೆ ನೀಲಿಯ ಮೇಲೆ ಗೀರು. ನಾನು ಅದನ್ನು ಹನ್ನೊಂದು ವರ್ಷ ಇಟ್ಟುಕೊಂಡಿದ್ದೆ, ಕುದುರೆಯನ್ನು ಒಮ್ಮೆಯೂ ಎಳೆದಿರಲಿಲ್ಲ.

ಒಂದು ದಿನ ನೋಡಲು ಬಂದವರೊಬ್ಬರು, ನಾನು ಕೈಗವಸು ತರಲು ಒಳಗೆ ಹೋದಾಗ, ಕುದುರೆಯನ್ನು ಅರ್ಧ ಎಳೆದು, ಸಿನಿಮಾದಲ್ಲಿ ಮಾಡುವ ಹಾಗೆ ಸಿಲಿಂಡರನ್ನು ಅಂಗೈಯಲ್ಲಿ ಗರಗರ ತಿರುಗಿಸಿ, ಹಾಗೇ ಇಳಿಸಿದರು. ಸಿಲಿಂಡರ್ ಇನ್ನೂ ಸಡಿಲವಾಗಿದ್ದದ್ದು ನೋಡಿ, ಪಾಪ, ಸರಿ ಮಾಡಲೆಂದು ಬೆರಳಿನಿಂದ ತಿರುಗಿಸಿ ಕೂರಿಸಿದರು. ನಾನು ಹೊರಗೆ ಬಂದಾಗ ಗೀರು ಬಿದ್ದಾಗಿತ್ತು, ಎರಡು ಗುಳಿಗಳ ನಡುವೆ, ಕೂದಲಿನಷ್ಟು ತೆಳ್ಳಗೆ. ಅವರು ಕಾಫಿ ಕುಡಿದು, ಚೆನ್ನಾಗಿದೆ ಅಂತ ಹೊಗಳಿ ಹೋದರು. ನಾನು ಏನೂ ಹೇಳಲಿಲ್ಲ.

ಈ ರಿವಾಲ್ವರಿನ ಕುದುರೆಯನ್ನು ಎಳೆಯುವಾಗ ನಾಲ್ಕು ಸದ್ದು ಬರುತ್ತದೆ. ಕೋಲ್ಟ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳು ನಾಲ್ಕು, ಒಂದೊಂದಕ್ಕೆ ಒಂದೊಂದು ಅಂತ ಅಭಿಮಾನಿಗಳು ಹೇಳುವುದುಂಟು. ಅವರು ಹೋದ ಮೇಲೆ ಬಾಗಿಲು ಹಾಕಿ, ಒಳಗೆ ಏನೂ ಇಲ್ಲವೆಂದು ಇನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ಕುದುರೆಯನ್ನು ನಿಧಾನವಾಗಿ ಪೂರ್ತಿ ಎಳೆದೆ. ನಾಲ್ಕೂ ಕೇಳಿಸಿದವು.