ಮನೆಪದಗಳ ನೋಟ್‌ಬುಕ್ಕು: ‘ವಿಂಡೋ’ ಪುಟ ಅಂತೂ ತುಂಬಿತು

ಬಾಗಿಲು ದಾಟಿ ಕಿಟಕಿಗೆ ಬಂದ ನನ್ನ ನೋಟ್‌ಬುಕ್ಕು ಮೂರು ವಾರದಿಂದ ಅಲ್ಲೇ ನಿಂತಿತ್ತು. ಹೊಸದಾಗಿ ಓದುವವರಿಗೆ ಒಂದು ಮಾತು: ಮನೆಯಲ್ಲಿ ಕಣ್ಣಿಗೆ ಬೀಳುವ ಒಂದೊಂದು ವಸ್ತುವಿನ ಹೆಸರು ಎಲ್ಲಿಂದ ಬಂತು ಅಂತ ಹುಡುಕಿ, ಪದಕ್ಕೊಂದು ಪುಟದಂತೆ ಕೈಯಲ್ಲಿ ಬರೆದಿಡುವ ಹುಚ್ಚು ನನ್ನದು. ಬಾಗಿಲಿನ ಪುಟ ಒಂದೇ ಸಂಜೆಯಲ್ಲಿ ಮುಗಿದಿತ್ತು. ನಮ್ಮ ‘ಬಾಗಿಲ್’, ತಮಿಳಿನ ‘ವಾಯಿಲ್’ ಒಂದೇ ಬಳ್ಳಿಯವು. ‘ವಾಯ್’ ಅಂದರೆ ಬಾಯಿ, ‘ಇಲ್’ ಅಂದರೆ ಮನೆ. ಮನೆಯ ಬಾಯಿ, ಅಷ್ಟೆ. ಇಂಗ್ಲಿಷಿನ ‘ಡೋರ್’ ಮತ್ತು ಸಂಸ್ಕೃತದ ‘ದ್ವಾರ’ ದಾಯಾದಿಗಳು ಅನ್ನುವುದಕ್ಕೆ ಇನ್ನೆರಡು ಸಾಲು.

‘ವಿಂಡೋ’ ಹಾಗೆ ಸಲೀಸಾಗಿ ಬಗ್ಗಲಿಲ್ಲ. ಮೊದಲ ದಿನವೇ ಜಾಣತನ ತೋರಿಸಲು ಹೋಗಿ, ‘ವಿಂಡ್ + ಡೋರ್ = ಗಾಳಿಬಾಗಿಲು’ ಅಂತ ಶಾಯಿ ಪೆನ್ನಲ್ಲೇ ಬರೆದುಬಿಟ್ಟೆ. ತಪ್ಪು. ಸಮಾಧಾನ ಏನೆಂದರೆ, 17ನೇ ಶತಮಾನದ ಕೆಲವು ಇಂಗ್ಲಿಷರೂ ಇದೇ ಹಳ್ಳಕ್ಕೆ ಬಿದ್ದು ‘ವಿಂಡೋರ್’ ಅಂತ ಬರೆದದ್ದುಂಟು. ಈಗ ಆ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿದ್ದೇನೆ. ಬೆಳಕಿಗೆ ಹಿಡಿದರೆ ತಪ್ಪು ಇನ್ನೂ ಕಾಣುತ್ತೆ.

ಅರ್ಧ ಮಾತ್ರ ನಾನು ಸರಿ. ಗಾಳಿ ಇದೆ, ಬಾಗಿಲಿಲ್ಲ, ಅಲ್ಲಿರುವುದು ಕಣ್ಣು. ಹಳೆಯ ನಾರ್ಸ್ ಭಾಷೆಯ ‘ವಿಂಡೌಗ’: ‘ವಿಂಡ್ರ್’ ಗಾಳಿ, ‘ಔಗ’ ಕಣ್ಣು. ಗಾಳಿಗಣ್ಣು! 9ನೇ ಶತಮಾನದಲ್ಲಿ ಈ ಭಾಷೆಯಾಡುವ ಸ್ಕ್ಯಾಂಡಿನೇವಿಯಾದ (ಈಗಿನ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯ) ವೈಕಿಂಗರು ದಂಡೆತ್ತಿ ಬಂದು, ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರಲ್ಲ, ಅವರ ಬಾಯಿಂದ ಇಂಗ್ಲಿಷಿಗೆ ಹತ್ತಿಕೊಂಡ ಪದ ಇದು. ‘ಎಗ್’, ‘ನೈಫ್’, ‘ಸ್ಕೈ’ ಕೂಡ ಅವರದ್ದೇ, ‘ಹಸ್ಬೆಂಡ್’ ಸಹ.

ಕಣ್ಣು ಯಾಕೆ ಅಂತ ಕೇಳಿಕೊಂಡಾಗ ನೆನಪಾದದ್ದು ಅಜ್ಜಿ ಮನೆಯ ಅಡುಗೆಕೋಣೆ. ಹಂಚಿನ ಮಾಡು, ನಡುವೆ ಒಂದೇ ಒಂದು ಗಾಜಿನ ಹಂಚು. ಬೆಳಗ್ಗೆ ಒಲೆ ಹೊತ್ತಿಸಿದರೆ ಅಲ್ಲಿಂದ ಇಳಿದ ಬಿಸಿಲು ಹೊಗೆಯೊಳಗೆ ಕೋಲಿನ ಹಾಗೆ ನಿಲ್ಲುತ್ತಿತ್ತು. ನಾವು ಮಕ್ಕಳು ಅದನ್ನು ಹಿಡಿಯಲು ಕೈಚಾಚುತ್ತಿದ್ದೆವು. ಅಜ್ಜಿ ಅದಕ್ಕೆ ‘ಬೆಳಕಿಂಡಿ’ ಅನ್ನುತ್ತಿದ್ದಳು. ನಾರ್ಸ್ ಜನರ ಮನೆಯಲ್ಲಿ ಆ ಗಾಜೂ ಇಲ್ಲ, ಬರೀ ತೂತು. ಕತ್ತಲ ಮನೆಯೊಳಗೆ ಕೂತು ನೋಡುವವನಿಗೆ ಅದು ಕಣ್ಣಲ್ಲದೆ ಇನ್ನೇನು? ನಮ್ಮವರು ಅಲ್ಲಿ ಬೆಳಕನ್ನು ಕಂಡರು, ಅವರಿಗೆ ಮೊದಲು ತಾಗಿದ್ದು ಗಾಳಿ. ಆ ಚಳಿದೇಶದಲ್ಲಿ ತಾಗದೆ ಇರುತ್ತಾ!

ನಾರ್ಸ್ ಪದ ಬರುವ ಮುಂಚೆ ಇಂಗ್ಲಿಷಿನಲ್ಲಿ ‘ಏಅಗ್‌ಥ್ಯುರಲ್’ ಇತ್ತು, ಕಣ್ಣುತೂತು ಅಂತ ಅರ್ಥ. ಪದ ಸತ್ತರೂ ಅದರ ‘ಥ್ಯುರಲ್’ ಈಗಲೂ ಎಲ್ಲರ ಮುಖದ ಮೇಲಿದೆ: ‘ನಾಸ್ಟ್ರಿಲ್’, ಮೂಗುತೂತು. ಇದನ್ನು ಓದಿದ ರಾತ್ರಿ ಮನೆಯವರನ್ನೆಲ್ಲ ಕರೆದು ಹೇಳಿದೆ. ಯಾರೂ ಅಷ್ಟೇನೂ ಮೆಚ್ಚಲಿಲ್ಲ. ಲ್ಯಾಟಿನ್ ‘ಫೆನೆಸ್ಟ್ರಾ’ದಿಂದ ಫ್ರೆಂಚ್ ಮೂಲಕ ಬಂದ ‘ಫೆನೆಸ್ಟರ್’ ಕೂಡ 16ನೇ ಶತಮಾನದವರೆಗೆ ಇಂಗ್ಲಿಷಿನಲ್ಲಿ ‘ವಿಂಡೋ’ಗೆ ಪೈಪೋಟಿ ಕೊಟ್ಟು ಸೋತಿತು. ಜರ್ಮನರಲ್ಲಿ ಅದೇ ಗೆದ್ದು ‘ಫೆನ್‌ಸ್ಟರ್’ ಆಗಿದೆ. ತಮಾಷೆ ನೋಡಿ, ವೈಕಿಂಗರ ಮೊಮ್ಮಕ್ಕಳಾದ ಸ್ವೀಡನ್ನಿನವರೂ ಈಗ ಹೇಳುವುದು ‘ಫೆನ್‌ಸ್ಟರ್’. ಡೇನರು, ನಾರ್ವೆಯವರು ಮಾತ್ರ ಗಾಳಿಗಣ್ಣನ್ನು ಬಿಟ್ಟಿಲ್ಲ.

ಮೂರು ವಾರ ಹಿಡಿಸಿದ್ದು ಇಷ್ಟಕ್ಕಲ್ಲ. ಎದುರು ಪುಟದಲ್ಲಿ ನಮ್ಮ ಕಡೆಯ ಪದಗಳನ್ನು ಜೋಡಿಸುತ್ತಿದ್ದೆ. ‘ವಾತಾಯನ’: ವಾತ, ಅಯನ, ಗಾಳಿಯ ದಾರಿ. ಅದರ ಕೆಳಗೆ ‘ಗವಾಕ್ಷ’: ಗೋ, ಅಕ್ಷ, ಗೋವಿನ ಕಣ್ಣು. ಬರೆದು ಪೆನ್ನು ಕೆಳಗಿಟ್ಟ ಮೇಲೆ ಹೊಳೆಯಿತು: ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಕಣ್ಣು. ನಾರ್ಸಿನವರು ಒಂದೇ ಪದಕ್ಕೆ ತುಂಬಿದ್ದನ್ನು ಸಂಸ್ಕೃತ ಎರಡು ಪದಕ್ಕೆ ಹಂಚಿಟ್ಟಿದೆ. ಇಷ್ಟೇ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಆದರೆ ‘ವಾತ’ ಮತ್ತು ‘ವಿಂಡ್’ ಒಂದೇ ಇಂಡೋ-ಯುರೋಪಿಯನ್ (ಸಂಸ್ಕೃತ, ಇಂಗ್ಲಿಷ್, ನಾರ್ಸ್ ಎಲ್ಲ ಸೇರುವ ಭಾಷಾಕುಟುಂಬ) ಬೇರಿನವು. ‘ಅಕ್ಷಿ’, ‘ಔಗ’, ಇಂಗ್ಲಿಷಿನ ‘ಐ’ (eye) ಕೂಡ ಒಂದೇ ಬೇರಿನವು. ಅಂದರೆ ‘ವಿಂಡೋ’ವನ್ನು ತುಂಡು ತುಂಡಾಗಿ ಸಂಸ್ಕೃತಕ್ಕೆ ತಂದರೆ ‘ವಾತಾಕ್ಷ’. ಇಂಥ ಪದ ಯಾರೂ ಬಳಸಿದ್ದಲ್ಲ, ನಾನೇ ಹೊಸೆದದ್ದು. ಹಾಗಂತ ಇವರಿಂದ ಅವರು ಕದ್ದರು, ಅವರಿಂದ ಇವರು ಕದ್ದರು ಅಂತ ಹೊರಡಬೇಡಿ. ಅಕ್ಕಿಬೇಳೆ ಒಂದೇ ಕಣಜದ್ದು, ಅಡುಗೆ ಬೇರೆ ಬೇರೆ ಒಲೆಯಲ್ಲಿ ಆದದ್ದು.

ಇನ್ನು ಸರ್ಕಾರಿ ಕನ್ನಡದ ‘ಏಕಗವಾಕ್ಷಿ’. ‘ಸಿಂಗಲ್ ವಿಂಡೋ’ಗೆ ಬಂದ ಈ ಪದವನ್ನು ಬಿಡಿಸಿದರೆ ಒಂದೇ ಒಂದು ಗೋವಿನ ಕಣ್ಣು. ಅರ್ಜಿ ಹಿಡಿದು ಅಂಥ ಒಂದು ಕಣ್ಣಿನ ಮುಂದೆ ಅರ್ಧ ದಿನ ನಿಂತ ನನಗೆ ಹೇಳಬೇಕೆನಿಸುವುದು ಇಷ್ಟೆ: ಅದು ಮುಚ್ಚಿತ್ತು.

ಇನ್ನೊಂದು ಎಡವಟ್ಟು. ಕಿಟಕಿಯ ಮೇಲಿನ ‘ವೆಂಟಿಲೇಟರ್’ ಲ್ಯಾಟಿನ್ನಿನ ‘ವೆಂಟುಸ್’, ಅಂದರೆ ಗಾಳಿಯಿಂದ ಬಂದದ್ದು, ಅದು ಸರಿ. ಅದೇ ಗುಂಗಿನಲ್ಲಿ ಕೋಟಿನ ಹಿಂದೆ ಬಿಡುವ ‘ವೆಂಟ್’ ಅನ್ನೂ ಅದರ ಪಕ್ಕ ಬರೆದೆ. ಅದು ಫ್ರೆಂಚಿನ ‘ಫಾಂತ್’, ಅಂದರೆ ಸೀಳು. ಗಾಳಿಗೂ ಅದಕ್ಕೂ ಹುಟ್ಟಿನ ನಂಟಿಲ್ಲ, ಉಚ್ಚಾರ ಬೆರೆತಿದೆ ಅಷ್ಟೆ. ಎರಡನೇ ಚೀಟಿ ಅಂಟಿತು.

ನಮ್ಮ ದಿನನಿತ್ಯದ ‘ಕಿಟಕಿ’ಗೆ ಪುಟದ ತಳದಲ್ಲಿ ನಾಲ್ಕೇ ಸಾಲು ಉಳಿದಿತ್ತು. ಹಿಂದಿ, ಮರಾಠಿಯ ‘ಖಿಡಕಿ’ಯ ಪೈಕಿ ಅದು, ಸಂಸ್ಕೃತ ನಿಘಂಟಿನಲ್ಲಿ ‘ಖಡಕ್ಕಿಕಾ’ ಅಂದರೆ ಪಕ್ಕದ ಬಾಗಿಲು. ಕೊಂಕಣಿಯ ‘ಜನೆಲ್’, ತಮಿಳಿನ ‘ಜನ್ನಲ್’ ಪೋರ್ಚುಗೀಸರ ‘ಜನೆಲಾ’ದಿಂದ, ಅದರ ಮೂಲದಲ್ಲೂ ಇರುವುದು ಲ್ಯಾಟಿನ್ನಿನ ಬಾಗಿಲೇ, ಚಿಕ್ಕದು. ಮೊದಲ ದಿನ ನಾನು ಬರೆದ ಬಾಗಿಲು ‘ವಿಂಡೋ’ದಲ್ಲಿ ಸಿಗದೆ ಇಲ್ಲಿ ಸಿಕ್ಕಿತು.

ಮುಂದಿನ ಪುಟ ‘ಗೇಟ್’. ಇಂಗ್ಲೆಂಡಿನ ಯಾರ್ಕ್ ನಗರದ ನಕ್ಷೆ ಹರಡಿಕೊಂಡು ಕೂತಿದ್ದೇನೆ. ಅಲ್ಲಿ ಕಾಪರ್‌ಗೇಟ್, ಸ್ಟೋನ್‌ಗೇಟ್ ಎಲ್ಲ ಬೀದಿಗಳು, ಯಾಕಂದರೆ ನಾರ್ಸಿನ ‘ಗಾತ’ ಅಂದರೆ ಬೀದಿ. ನಿಜವಾದ ಕೋಟೆಬಾಗಿಲುಗಳಿಗೆ ಅವರು ಹೇಳುವುದು ‘ಬಾರ್’ ಅಂತ. ಈ ಸಲ ಪೆನ್ಸಿಲ್ಲಿನಲ್ಲೇ ಶುರುಮಾಡಿದ್ದೇನೆ.