ಚಿಮ್ನಿಯೊಳಗಿನ ಬೂಟು ಯಾರ ಪಾಲಿಗೆ?

"ಏಳು ಕೋಟಿ ಕೊಟ್ಟು ಸೋಗೆ ಮನೆನಾ? ತಲೆ ನೆಟ್ಟಗಿದ್ಯಾ ಮಾರಾಯ್ತಿ ನಿಂಗೆ?"

ಇದು ನಮ್ಮಮ್ಮ, ವಿಡಿಯೋ ಕಾಲಲ್ಲಿ. ನಾನು ಇಂಗ್ಲೆಂಡಲ್ಲಿ ಮಾರಾಟಕ್ಕಿದ್ದ ಹುಲ್ಲಿನ ಚಾವಣಿಯ ಮನೆಯೊಂದರ ಫೋಟೋ ತೋರಿಸಿದ್ದೆ ಅಷ್ಟೆ, ತಗೋತೀವಿ ಅಂತ ಎಲ್ಲೂ ಹೇಳಿರ್ಲಿಲ್ಲ. ಆದ್ರೆ ಅಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆ ಅಡಿಕೆ ಸೋಗೆ ಹೊದಿಸಿದ್ದ ಮನೇಲಿ, ವರ್ಷಾ ವರ್ಷಾ ಮಳೆ ಹಿಡಿಯೋಕ್ಕೆ ಮುಂಚೆ ಹಳೇ ಸೋಗೆ ಕಿತ್ತು ಹೊಸದು ಹೊದಿಸೋ ಕೆಲಸ ನೋಡಿ ನೋಡಿ ಸಾಕಾಗಿ, ಅಲ್ಲಿಂದ ಮಂಗಳೂರು ಹೆಂಚಿಗೆ ಬಂದು, ಹೆಂಚಿಂದ ಆರ್‌ಸಿಸಿಗೆ ಬರೋಷ್ಟರಲ್ಲಿ ಅವಳ ಅರ್ಧ ಆಯಸ್ಸು ಮುಗಿದಿತ್ತು, ಈಗ ಮಗಳು ಇಂಗ್ಲೆಂಡಿಗೆ ಹೋಗಿ ವಾಪಸ್ ಹುಲ್ಲಿನ ಕೆಳಗೇ ಮಲಗ್ತೀನಿ ಅಂದ್ರೆ ಅವಳಿಗೆ ಹೇಗಾಗ್ಬೇಡ ಹೇಳಿ.

ನಾವಿರೋದು ಸಾಲ್ಸ್‌ಬರೀಲಿ, ಎಂಟು ವರ್ಷ ಆಯ್ತು, ಇನ್ನೂ ಬಾಡಿಗೆ ಮನೆ. ಊರು ಚಿಕ್ಕದು, ಆದ್ರೆ ಸಿಟಿ ಅಂತಾರೆ, ಯಾಕಂದ್ರೆ ಇಲ್ಲೊಂದು ದೊಡ್ಡ ಕೆಥೆಡ್ರಲ್ ಇದೆ. ಅದರ ಗೋಪುರ 123 ಮೀಟರ್, ಬ್ರಿಟನ್ನಲ್ಲೇ ಎತ್ತರದ ಚರ್ಚ್ ಗೋಪುರ, ಬಟ್ಟೆ ಒಣಗ್ಹಾಕೋಕ್ಕೆ ಹಿತ್ತಲಿಗೆ ಹೋದ್ರೂ ಕಾಣ್ಸತ್ತೆ. 1220ರಲ್ಲಿ ಶುರು ಮಾಡಿ 38 ವರ್ಷದಲ್ಲಿ ಮುಖ್ಯ ಕಟ್ಟಡ ಮುಗಿಸಿದ್ರು, ಗೋಪುರ ಮಾತ್ರ ಆಮೇಲೆ ಬಂದ ಯೋಚನೆ. ಪಾಯ ಬರೀ ನಾಲ್ಕಡಿ, ಅದೂ ನದಿ ಪಕ್ಕದ ಜಲ್ಲಿ ಮಣ್ಣಿನ ಮೇಲೆ, ಅದರ ಮೇಲೆ ಆರು ಸಾವಿರ ಟನ್ನಿಗೂ ಜಾಸ್ತಿ ಭಾರ ಹೇರಿದ್ದಾರೆ, ಒಳಗೆ ನಡುಮಧ್ಯದ ಕಂಬಗಳು ಬಾಗಿರೋದು ಬರಿಗಣ್ಣಿಗೇ ಗೊತ್ತಾಗತ್ತೆ. ನೆಲದಲ್ಲಿ ಒಂದು ಚಿಕ್ಕ ಮುಚ್ಚಳ ಇದೆ, ಅದನ್ನ ತೆಗೆದು ಉದ್ದದ ಕೋಲು ಇಳಿಸಿ ಕೆಳಗೆ ನೀರು ಎಷ್ಟಿದೆ ಅಂತ ನೋಡ್ತಾರೆ. ಮೊದಲ ಸಲ ನೋಡಿದಾಗ ನಮ್ಮೂರಲ್ಲಿ ಬಾವಿಗೆ ಹಗ್ಗ ಬಿಟ್ಟು ನೋಡೋದೇ ನೆನಪಾಯ್ತು. ಆ ಜಲ್ಲಿ ಒಣಗಬಾರ್ದಂತೆ.

ಕೆಥೆಡ್ರಲ್ ಸುತ್ತ ಕ್ಲೋಸ್ ಅಂತ ಒಂದು ಕೋಟೆ ತರದ ಆವರಣ ಇದೆ, ರಾತ್ರಿ ಹನ್ನೊಂದಕ್ಕೆ ಇವತ್ತಿಗೂ ಅದರ ಗೇಟಿಗೆ ಬೀಗ ಹಾಕ್ತಾರೆ. ಅದರೊಳಗಿನ ಮನೆಗಳ ಕಡೆ ನಾವು ಕತ್ತೆತ್ತಿ ನೋಡೋ ಹಾಗೂ ಇಲ್ಲ. ಹಾಗಾಗಿ ಊರಾಚೆ ಏವನ್ ನದಿ ಗುಂಟ ಇರೋ ಹಳ್ಳಿಗಳಲ್ಲಿ ಹುಡುಕ್ತಾ ಇದ್ವಿ, ಒಂದಿನ ಮೊಬೈಲಲ್ಲಿ ಬಂತು ನೋಡಿ, "ಹಿಸ್ಟಾರಿಕ್ ಫ್ಯಾಮಿಲಿ ಹೌಸ್, ಕೆಥೆಡ್ರಲ್ ಸಿಟಿಗೆ ಐದು ಮೈಲಿ, ನೂರು ವರ್ಷದಲ್ಲಿ ಮೊದಲ ಸಲ ಮಾರಾಟಕ್ಕೆ", ಆರೂವರೆ ಲಕ್ಷ ಪೌಂಡ್. ನಮ್ಮ ಬಜೆಟ್ಟಿಗೆ ಎಲ್ಲಿಂದ ಎಲ್ಲಿಗೂ ಇಲ್ಲ. ಸ್ಟ್ಯಾಂಪ್ ಡ್ಯೂಟಿನೇ ಇಪ್ಪತ್ತೆರಡೂವರೆ ಸಾವಿರ ಬೇರೆ. ಆದ್ರೂ ನೋಡೋಕ್ಕೇನು ಕಾಸಾ ಅಂತ ನಮ್ಮೆಜಮಾನ್ರನ್ನ ಎಳ್ಕೊಂಡು ಹೋದೆ.

ಏಜೆಂಟ್ ಹುಡುಗ ಒಬ್ಬ ಬಂದಿದ್ದ, ಕಾಣಿಸಿದ್ದಕ್ಕೆಲ್ಲ "ಕ್ಯಾರೆಕ್ಟರ್" ಅಂತಿದ್ದ. ಬಾಗಿಲಿಗೆ ಇವರ ತಲೆ ತಗುಲಿತು, ಕ್ಯಾರೆಕ್ಟರ್. ಮಹಡಿ ರೂಮಿನ ನೆಲ ಎಷ್ಟು ವಾಟ ಅಂದ್ರೆ ಕಿಸೆಯಿಂದ ಬಿದ್ದ ನಾಣ್ಯ ಉರುಳಿಕೊಂಡು ಹೋಗಿ ಆ ಕಡೆ ಗೋಡೆಗೆ ನಿಂತ್ಕೊಳ್ತು, ಅದೂ ಕ್ಯಾರೆಕ್ಟರ್. ಗೋಡೆ ಸೀಮೆಸುಣ್ಣದಂಥ ಬಿಳಿಕಲ್ಲು ಪುಡಿಗೆ ನೀರು, ಒಣಹುಲ್ಲು ಹಾಕಿ ತುಳಿದು ಕಟ್ಟಿದ್ದು, ಎರಡಡಿ ದಪ್ಪ, ಇಲ್ಲಿಯೋರು ಕಾಬ್ ಅಂತಾರೆ. ನಮ್ಮ ಮಣ್ಣಿನ ಗೋಡೆಯ ಬಿಳಿ ಅಣ್ಣ ಅನ್ಕೊಳಿ. ಇಂಥ ಗೋಡೆಗೆ ಒಳ್ಳೆ ಟೋಪಿ ಒಳ್ಳೆ ಬೂಟು ಇದ್ರೆ ಸಾಕು ಅನ್ನೋ ಮಾತಿದೆ, ಅಂದ್ರೆ ಮೇಲೆ ಚಾವಣಿ ಸೋರಬಾರ್ದು, ಕೆಳಗೆ ಪಾಯಕ್ಕೆ ತೇವ ಹತ್ತಬಾರ್ದು, ಮಿಕ್ಕಿದ್ದು ಅದೇ ನೋಡ್ಕೊಳತ್ತೆ. ಹಾಳಾಗೋದು ಸಿಮೆಂಟ್ ಬಳಿದಾಗ. ಸುಣ್ಣದ ಗಾರೆ ಉಸಿರಾಡತ್ತೆ, ಸಿಮೆಂಟ್ ಉಸಿರು ಕಟ್ಟಿಸತ್ತೆ, ನೀರು ಒಳಗೇ ಕೂತು ಒಂದಿನ ಗೋಡೆನೇ ಕುಸಿಯತ್ತೆ. ನಮ್ಮಜ್ಜನ ಮನೆಗೂ ದೊಡ್ಡ ಮಾವ ಭರ್ಜರಿಯಾಗಿ ಸಿಮೆಂಟ್ ಮಾಡಿಸಿದ್ರು, ನಾಲ್ಕು ಮಳೆಗಾಲ ಕಳೆಯೋಷ್ಟರಲ್ಲಿ ಹಪ್ಪಳ ಹಪ್ಪಳ ಎದ್ದು ಬಂತು, ಇಂಗ್ಲೆಂಡಿಗೆ ಬಂದು ಅದಕ್ಕೆ ಕಾರಣ ತಿಳ್ಕೊಂಡೆ ನಾನು!

ಏಜೆಂಟಿಗಿಂತ ಮನೆ ಓನರ್ ಅಜ್ಜಿ ನಮಗೆ ಚೆನ್ನಾಗಿ ತೋರಿಸಿದ್ರು. ಎಂಬತ್ತರ ಮೇಲಾಗಿದೆ, ಮೆಟ್ಟಿಲು ಹತ್ತೋಕ್ಕಾಗಲ್ಲ, ಕೆಳಗೆ ನಿಂತ್ಕೊಂಡೇ "ಎಡಗಡೆ ಬಾಗಿಲು ಒದ್ದು ತೆಗೀರಿ" ಅಂತ ಕೂಗ್ತಿದ್ರು. ಅವರಜ್ಜ ಇಲ್ಲಿ ಗೇಣಿ ರೈತ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ದೊಡ್ಡ ಎಸ್ಟೇಟ್‌ಗಳು ಮುರಿದು ಮಾರಾಟಕ್ಕೆ ಬಂದ್ವಲ್ಲ, ಮನೆಯ ವಾರಸುದಾರರು ಯುದ್ಧದಲ್ಲಿ ಸತ್ತಿದ್ರು, ಸಾವಿನ ತೆರಿಗೆ ಬೇರೆ 1919ರಲ್ಲಿ ದೊಡ್ಡ ಆಸ್ತಿಗಳಿಗೆ ಶೇಕಡಾ 40ಕ್ಕೆ ಏರಿತ್ತು, ಆ ಟೈಮಲ್ಲಿ ತುಂಬ ಜನ ಗೇಣಿದಾರರು ತಾವು ಉಳ್ತಿದ್ದ ಜಾಗನೇ ಸಾಲ ಮಾಡಿ ಕೊಂಡ್ಕೊಂಡ್ರು, ಇವರಜ್ಜನೂ ಅವರಲ್ಲೊಬ್ರು. ಹೊಲ ಎಲ್ಲ ಆಮೇಲೆ ಹೋಯ್ತು, ಮನೆ ಉಳೀತು. ಈಗ ಅಜ್ಜಿ ಮತ್ತೆ ಇಬ್ಬರು ತಮ್ಮಂದಿರು, ಮೂರು ಪಾಲು, ಯಾರಿಗೂ ಇನ್ನಿಬ್ಬರ ಪಾಲು ಕೊಳ್ಳೋ ತಾಕತ್ತಿಲ್ಲ, ಅದಕ್ಕೆ ಮಾರಾಟ.

ಇದನ್ನ ಕೇಳಿ ನಂಗೆ ನಗು ಬಂತು, ದುಃಖಕ್ಕೆ ಬರೋ ನಗು. ಇಂಗ್ಲೆಂಡಲ್ಲಿ ವಿಲ್ ಬರೀದೆ ಸತ್ರೆ ಭೂಮಿಯೆಲ್ಲ ಹಿರೀ ಮಗನಿಗೇ ಅನ್ನೋ ಪದ್ಧತಿ ಇತ್ತು, ಅದನ್ನ ತೆಗೆದಿದ್ದು 1925ರ ಕಾನೂನು. ದೊಡ್ಡ ಮನೆಗಳು ಶತಮಾನಗಟ್ಟಲೆ ಒಂದೇ ಕುಟುಂಬದಲ್ಲಿ ಉಳಿದಿದ್ದು ಪ್ರೀತಿಯಿಂದ ಅಂತ ನಾನಂದ್ಕೊಂಡಿದ್ದೆ, ಅರ್ಧ ಪಾಲು ಇದರಿಂದ, ಉಳಿದ ಮಕ್ಕಳಿಗೆಲ್ಲ ಟಾಟಾ ಮಾಡಿ. ನಮ್ಮ ಕಡೆ ಇನ್ನೊಂಥರ. ಅಜ್ಜನ ಮನೆ ಪಾಲಾದಾಗ ಜಗಲಿ ಮಧ್ಯ ಇಟ್ಟಿಗೆ ಗೋಡೆ ಎದ್ದಿತು, ದೇವರ ಕೋಣೆ ಒಬ್ಬರಿಗೆ, ಬಚ್ಚಲು ಇನ್ನೊಬ್ಬರಿಗೆ. ಕೆತ್ತನೆ ಕಂಬ ಲಾರಿ ಹತ್ತಿ ಯಾವುದೋ ರೆಸಾರ್ಟಿಗೆ ಹೋಯ್ತು. ಕಾನೂನು ಪ್ರಕಾರ ಅಮ್ಮಂಗೂ ಪಾಲಿತ್ತು, ಒಂದು ಸೀರೆ ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರು. ಸೀರೆ ಕಲರ್ ಕೂಡ ಅವಳಿಗೆ ಇಷ್ಟ ಆಗಿರ್ಲಿಲ್ಲ.

ಹಾಗಂತ ದುಡ್ಡು, ಹೆಸರು ಇದ್ರೆ ಮನೆ ಉಳಿಯತ್ತಾ ಅಂದ್ರೆ ಅದೂ ಇಲ್ಲ. ಇದೇ ಸಾಲ್ಸ್‌ಬರಿ ಹತ್ರ, ಇದೇ ಏವನ್ ದಂಡೇಲಿ ಟ್ರಫಾಲ್ಗರ್ ಪಾರ್ಕ್ ಅಂತ ಅರಮನೆಯಂಥ ಮನೆ ಇದೆ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ 1805ರಲ್ಲಿ ಟ್ರಫಾಲ್ಗರ್ ಅನ್ನೋ ಕಡಲ ಯುದ್ಧದಲ್ಲಿ ಸತ್ತ ಮೇಲೆ ಪಾರ್ಲಿಮೆಂಟು ಅವನ ವಂಶಕ್ಕೆ ವರ್ಷಕ್ಕೆ 5,000 ಪೌಂಡ್ ಪೆನ್ಶನ್ ಕೊಟ್ಟು, ಮನೆ ಕೊಳ್ಳೋಕ್ಕೂ ದುಡ್ಡು ಮಂಜೂರು ಮಾಡ್ತು, 1814ರಲ್ಲಿ ಈ ಮನೆ ತಗೊಂಡು ಹೆಸರು ಬದಲಾಯಿಸಿದ್ರು. ಸಿಕ್ಕಿದ್ದು ಪಾದ್ರಿಯಾಗಿದ್ದ ಅವನ ಅಣ್ಣಂಗೆ. ನೆಲ್ಸನ್ ಸಾಯೋಕ್ಕೆ ಮುಂಚೆ ದೇಶವೇ ನೋಡ್ಕೊಳ್ಳಲಿ ಅಂತ ಬರೆದಿಟ್ಟು ಹೋಗಿದ್ದ ಅವನ ಪ್ರೇಯಸಿ ಎಮ್ಮಾ ಹ್ಯಾಮಿಲ್ಟನ್‌ಗೆ ದೇಶ ಕೊಟ್ಟಿದ್ದು ಸೊನ್ನೆ, ಅವಳು 1815ರಲ್ಲಿ ಫ್ರಾನ್ಸಿನ ಕ್ಯಾಲೇಲಿ ಬಡತನದಲ್ಲಿ ಸತ್ಲು. (ಸೀರೆನೂ ಇಲ್ಲ!) ಎರಡನೇ ಮಹಾಯುದ್ಧ ಆದ್ಮೇಲೆ ಪೆನ್ಶನ್ ನಿಲ್ಲಿಸೋಕ್ಕೆ 1947ರಲ್ಲಿ ಕಾನೂನು ಬಂತು, 1948ರಲ್ಲಿ ಆ ಮನೆನೂ ಮಾರಾಟ.

ಇರ್ಲಿ, ಅಜ್ಜಿ ಮನೆಗೆ ವಾಪಸ್ ಬರ್ತೀನಿ. ಅದು ಗ್ರೇಡ್ 2 ಲಿಸ್ಟೆಡ್, ಅಂದ್ರೆ ಕಾನೂನಿನ ರಕ್ಷಣೆ ಇರೋ ಹಳೇ ಕಟ್ಟಡ. ಹೊರಗಡೆ ಮಾತ್ರ ಅಲ್ಲ ಒಳಗೂ ಲಿಸ್ಟಿಗೆ ಸೇರಿರತ್ತೆ, ಪರ್ಮಿಶನ್ ಇಲ್ದೆ ಹಳೇ ಬಾಗಿಲು ಕಿತ್ರೆ ಕ್ರಿಮಿನಲ್ ಕೇಸು, ಹಿಂದಿನ ಓನರ್ ಮಾಡಿಟ್ಟು ಹೋದ ಎಡವಟ್ಟನ್ನ ನೀನು ಸರಿ ಮಾಡು ಅಂತ ಹೊಸಬರಿಗೆ ನೋಟಿಸ್ ಬರಬಹುದು. ಹುಲ್ಲಿನ ಚಾವಣಿಯ ನೆತ್ತಿ ಭಾಗ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸ್ಬೇಕು. ಹಳೇ ಚರ್ಚ್ ಹತ್ತಿರದ ಕೆಲವು ಜಾಗಗಳಿಗೆ ಚರ್ಚ್ ರಿಪೇರಿ ಖರ್ಚಿನ ಋಣವೂ ಅಂಟಿರತ್ತಂತೆ, ವಾರ್ವಿಕ್‌ಶೈರಲ್ಲಿ ಒಬ್ಬ ದಂಪತಿಗೆ ಸುಮಾರು 95,000 ಪೌಂಡ್ ಬಿಲ್ ಬಂದು, ಕೇಸು ಆಗ ದೇಶದ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 2003ರಲ್ಲಿ ಅವರು ಸೋತ್ರು. ಇದನ್ನ ಕೇಳಿದ ಮೇಲೆ ನಮ್ಮೆಜಮಾನ್ರು ಕಾರ್ ಕೀ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ರು.

ಹೊರಡೋ ಹೊತ್ತಿಗೆ ಅಜ್ಜಿ ಒಲೆ ಹತ್ರ ಕರೆದ್ರು. ಆಳೆತ್ತರದ ಒಲೆಗೂಡು, ಮೇಲೆ ಓಕ್ ತೊಲೆ, ತೊಲೆ ಮೇಲೆ ಕಂಪಾಸಲ್ಲಿ ಗೀಚಿದ ಹಾಗೆ ಆರು ಎಸಳಿನ ಹೂವು. ನಾನು ರಂಗೋಲಿ ಅಂದ್ಕೊಂಡೆ. ಮಾಟಗಾತಿಯರು ಚಿಮ್ನಿಯಿಂದ ಇಳೀಬಾರ್ದು ಅಂತ ಹಿಂದಿನೋರು ಕೆತ್ತಿದ್ದು ಅಂದ್ರು. ಆಮೇಲೆ ಪಕ್ಕದ ಗೂಡಿಂದ ಬಿಸ್ಕತ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ್ರು. ಒಳಗೆ ಒಂದೇ ಒಂದು ಮಗುವಿನ ಬೂಟು. ಎಡಗಾಲಿಂದು. ಚರ್ಮ ಒಣಗಿ ಹುಣಸೆ ಸಿಪ್ಪೆ ಥರ ಆಗಿದೆ, ಹೆಬ್ಬೆರಳ ಹತ್ರ ತೂತು, ಅಟ್ಟೆ ಒಂದು ಕಡೆ ಸವೆದಿದೆ, ಮಗು ಕಾಲು ಎಳೆದು ನಡೀತಿತ್ತೇನೋ. ಅವರಪ್ಪ ಒಲೆ ರಿಪೇರಿ ಮಾಡಿಸ್ವಾಗ ಚಿಮ್ನಿ ಒಳಗಿನ ಸಂದೀಲಿ ಸಿಕ್ಕಿತಂತೆ. ಹಳೇ ಮನೆಗಳಲ್ಲಿ ಹೀಗೆ ಬೂಟು ಸಿಗೋದು ಎಷ್ಟು ಮಾಮೂಲಿ ಅಂದ್ರೆ ನಾರ್ಥಾಂಪ್ಟನ್ ಮ್ಯೂಸಿಯಂ ಅದಕ್ಕೇ ಅಂತ ಒಂದು ಪಟ್ಟಿ ಇಟ್ಕೊಂಡು ಬಂದಿದೆ, ಹೆಚ್ಚಿನವು ಒಂಟಿ, ಸವೆದವು, ಮಕ್ಕಳದ್ದು ಬೇಕಾದಷ್ಟು.

ಮಾರೋವಾಗ ತುಂಬೋ ಫಾರಂ ಒಂದಿದೆ, ಕರ್ಟನ್ ರಾಡ್ ಬಿಟ್ಟು ಹೋಗ್ತೀರಾ, ಬಲ್ಬ್ ಬಿಟ್ಟು ಹೋಗ್ತೀರಾ ಅಂತ ಒಂದೊಂದಕ್ಕೂ ಟಿಕ್ ಹಾಕ್ಬೇಕು. "ಇದಕ್ಕೆ ಅದ್ರಲ್ಲಿ ಕಾಲಂ ಇಲ್ಲ" ಅಂದ್ರು ಅಜ್ಜಿ. ಒಬ್ಬ ತಮ್ಮ ಬೂಟು ನಂಗೆ ಬೇಕು ಅಂತಿದ್ದಾನಂತೆ, ಇನ್ನೊಬ್ಬ ಮ್ಯೂಸಿಯಮ್ಮಿಗೆ ಕೊಡಣ ಅಂತಾನಂತೆ. ಅಜ್ಜಿ ಏನೂ ಹೇಳ್ಲಿಲ್ಲ, ಡಬ್ಬಿ ಮುಚ್ಚಿ ಅದೇ ಗೂಡಲ್ಲಿಟ್ರು.

ಅವತ್ತು ರಾತ್ರಿ ಅಮ್ಮಂಗೆ ಇದೆಲ್ಲ ಹೇಳ್ದೆ. ಸೋಗೆ ಮನೆ ಅಂತ ಆಡ್ಕೊಂಡಿದ್ದವಳು ಬೂಟಿನ ವಿಷ್ಯಕ್ಕೆ ಗಪ್ಪನೆ ಸುಮ್ನಾದ್ಲು. ಹೊಸ ಮನೆ ಕಟ್ವಾಗ ಸಾರ್ವೆಗೆ ಹಳೇ ಚಪ್ಪಲಿ ಕಟ್ಟಿಸಿದ್ದು, ಬಾಗಿಲಿಗೆ ಬೂದುಗುಂಬಳ ತೂಗಿಸಿದ್ದು ಎಲ್ಲ ಅವಳೇ ತಾನೆ. "ಅದನ್ನ ಹೊರಗೆ ತೆಗೀಲೇಬಾರ್ದಿತ್ತು ಕಣೇ, ಆ ಅಜ್ಜಿಗೆ ಹೇಳು, ಮನೆ ಪಾಲಾದ್ರೆ ಆಗ್ಲಿ, ಅದು ಮಾತ್ರ ಮನೇಲೇ ಇರ್ಲಿ ಅಂತ."

ನಾವು ಆಫರ್ ಹಾಕ್ಲಿಲ್ಲ, ಹಾಕೋ ಯೋಗ್ಯತೆನೂ ಇರ್ಲಿಲ್ಲ. ಹೋದ ವಾರ ಆ ದಾರೀಲಿ ಹೋಗ್ವಾಗ ಬೋರ್ಡಿನ ಮೇಲೆ ಸೋಲ್ಡ್ ಅಂತ ಪಟ್ಟಿ ಅಂಟಿಸಿದ್ರು, ಚಿಮ್ನೀಲಿ ಹೊಗೆ ಬರ್ತಾ ಇತ್ತು. ಅಮ್ಮಂಗೆ ಹೇಳಿದ್ರೆ ಎಷ್ಟಕ್ಕೆ ಹೋಯ್ತು, ಯಾರು ತಗೊಂಡ್ರು ಒಂದೂ ಕೇಳ್ಲಿಲ್ಲ.

"ಆ ಬೂಟು ಏನಾಯ್ತೇ?"